ಪದ ಪರಿಚಯ: ಪರಿಹಾರ ಬೋಧನೆ ಅಂದರೆ ಏನು, ಏನಲ್ಲ

ಐದನೇ ತರಗತಿಯ ಹುಡುಗ. ನೋಟ್ ಬುಕ್ ತೆರೆದರೆ ಮುತ್ತು ಪೋಣಿಸಿದ ಹಾಗೆ ಅಕ್ಷರ. ಪ್ರಶ್ನೆ, ಉತ್ತರ, ಸ್ಕೇಲ್ ಇಟ್ಟು ಎಳೆದ ಗೆರೆ, ಎಲ್ಲಾ ಸರಿಯಾಗಿದೆ. ಅದೇ ಪುಟದ ಮೊದಲ ಸಾಲು ಓದಪ್ಪ ಅಂದೆ. ತಲೆ ತಗ್ಗಿಸಿ ನಿಂತ. ತಾನೇ ಬರೆದದ್ದನ್ನು ಅವನಿಗೆ ಓದಲು ಬರುವುದಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ನೋಡಿ ನೋಡಿ ಇಳಿಸಿಕೊಂಡಿದ್ದ.

ಇಂಥ ಮಗುವಿಗೆ ಶಾಲೆ ಮಾಡಬೇಕಾದ ಕೆಲಸಕ್ಕೆ ನಮ್ಮ ಶಿಕ್ಷಣ ಇಲಾಖೆಯ ಭಾಷೆಯಲ್ಲಿ ‘ಪರಿಹಾರ ಬೋಧನೆ’ ಎನ್ನುತ್ತಾರೆ. ಶಿಕ್ಷಕರಿಗೆ ಇದು ದಿನಾ ಬಳಸುವ ಪದ. ಪೋಷಕರ ಸಭೆಯಲ್ಲೂ ಕಿವಿಗೆ ಬೀಳುತ್ತದೆ. ಆದರೆ ಜಾಸ್ತಿ ಜನ ಇದನ್ನು ಎಕ್ಸ್‌ಟ್ರಾ ಕ್ಲಾಸ್ ಅಂದುಕೊಂಡಿದ್ದಾರೆ. ಕೆಲವರು ಟ್ಯೂಷನ್ ಅಂದುಕೊಂಡಿದ್ದಾರೆ. ಅರ್ಥ ಆಗದ ಪಾಠವನ್ನೇ ಇನ್ನೊಂದು ಸಲ, ಇನ್ನೂ ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳುವುದು ಅಂತ ಅಂದುಕೊಂಡು ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ, ಅದರಿಂದ ಒಂದು ಮಗುವಿಗೂ ಉಪಯೋಗ ಆಗಲಿಲ್ಲ.

ಸರಳವಾಗಿ ಹೇಳುವುದಾದರೆ, ಮಗು ಎಲ್ಲಿ ಎಡವಿತೋ ಆ ಜಾಗವನ್ನು ಹುಡುಕಿ, ಅಲ್ಲಿಂದ ಬೇರೆ ರೀತಿಯಲ್ಲಿ ಕಲಿಸುತ್ತಾ ಬರುವುದು ಪರಿಹಾರ ಬೋಧನೆ. ಇದರಲ್ಲಿ ಹುಡುಕುವ ಕೆಲಸವೇ ದೊಡ್ಡದು. ಅದನ್ನು ಬಿಟ್ಟರೆ ಉಳಿಯುವುದು ಎಕ್ಸ್‌ಟ್ರಾ ಕ್ಲಾಸ್ ಮಾತ್ರ.

‘ಪರಿಹಾರ’ ಅನ್ನುವ ಪದವನ್ನೇ ಸ್ವಲ್ಪ ನೋಡಿ. ಕನ್ನಡದಲ್ಲಿ ಇದನ್ನು ಎರಡು ಕಡೆ ತುಂಬಾ ಕೇಳುತ್ತೇವೆ. ಒಂದು ದೋಷ ಪರಿಹಾರ, ಇನ್ನೊಂದು ಬೆಳೆ ಪರಿಹಾರ. ಮೊದಲನೆಯದರಲ್ಲಿ ದೋಷ ನಮ್ಮಲ್ಲೇ ಇದೆ, ಅದು ಹೋಗಬೇಕು. ಎರಡನೆಯದರಲ್ಲಿ ರೈತನ ತಪ್ಪೇನೂ ಇಲ್ಲ, ಮಳೆ ಬರಲಿಲ್ಲ ಅಥವಾ ಜಾಸ್ತಿ ಬಂತು, ನಷ್ಟ ಆಯಿತು, ಅದನ್ನು ತುಂಬಿಕೊಡಬೇಕು. ಶಾಲೆಗಳಲ್ಲಿ ನಾವು ಈ ಪದವನ್ನು ಹೆಚ್ಚಾಗಿ ಮೊದಲನೇ ಅರ್ಥದಲ್ಲೇ ಬಳಸುತ್ತಿದ್ದೇವೆ ಅನ್ನುವುದು ನನ್ನ ಬೇಸರ. ‘ಅವನು ದಡ್ಡ’, ‘ವಿದ್ಯೆ ತಲೆಗೆ ಹತ್ತಲ್ಲ’ ಅನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಎರಡನೇ ತರಗತಿಯಲ್ಲಿ ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೂಲಿಗೆ ಹೋಗಿ ಮೂರು ತಿಂಗಳು ಶಾಲೆ ಬಿಟ್ಟ ಮಗು ಇರುತ್ತದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತೆಲುಗೋ ಆಡುತ್ತಾ ಬೆಳೆದು, ಶಾಲೆಗೆ ಬಂದ ಮೊದಲ ದಿನ ಟೀಚರ್ ಹೇಳಿದ ಒಂದು ಮಾತೂ ತಿಳಿಯದೆ ಕೂತ ಮಗು ಇರುತ್ತದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಮನೆಯಲ್ಲಿ ಫೋನೇ ಇಲ್ಲದ ಮಕ್ಕಳೂ ಇದ್ದರು. ಇವರಿಗೆ ಆಗಿರುವುದು ನಷ್ಟ. ನಾವು ಅದನ್ನು ತುಂಬಿಕೊಡಬೇಕು.

ಹುಡುಕುವುದು ಅಂದೆನಲ್ಲ, ಅದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ‘ಒಬ್ಬನ ಹತ್ತಿರ 52 ಗೋಲಿ ಇತ್ತು, 27 ಕಳೆದುಹೋಯಿತು, ಉಳಿದದ್ದು ಎಷ್ಟು?’ ಉತ್ತರ 25. ಮೂರು ಮಕ್ಕಳು ತಪ್ಪು ಮಾಡಿದರು. ಮೂವರಿಗೂ ಸೊನ್ನೆ.

ಮೊದಲನೆಯವಳು 35 ಬರೆದಿದ್ದಾಳೆ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲು ಆಗಲ್ಲ ಅಂತ ತಿರುಗಿಸಿ 7ರಿಂದ 2 ಕಳೆದಿದ್ದಾಳೆ. ಅಂದರೆ 52 ಅನ್ನುವುದು ಐದು ಹತ್ತು ಮತ್ತು ಎರಡು ಬಿಡಿ ಅನ್ನುವುದು ಅವಳ ಮನಸ್ಸಿನಲ್ಲಿ ಇಳಿದಿಲ್ಲ. ಅದು ಅವಳಿಗೆ ಪಕ್ಕ ಪಕ್ಕ ನಿಂತ ಎರಡು ಅಂಕಿ ಅಷ್ಟೇ. ಇದೇ ಮಗುವಿಗೆ ‘ಮುನ್ನೂರ ನಾಲ್ಕು’ ಬರಿ ಅಂದರೆ 3004 ಅಂತ ಬರೆದರೂ ಬರೆದಾಳು, ಬೇರು ಒಂದೇ.

ಎರಡನೆಯವನು 24 ಬರೆದಿದ್ದಾನೆ. ಕ್ರಮ ಪೂರ್ತಿ ಗೊತ್ತು, ಬೆರಳು ಎಣಿಸುವಾಗ ಒಂದು ತಪ್ಪಿದೆ. ಅವನಿಗೆ ಬೇಕಾಗಿರುವುದು ಅಭ್ಯಾಸ ಮಾತ್ರ.

ಮೂರನೆಯವನ ಉತ್ತರ 79. ಕೂಡಿದ್ದಾನೆ. ಕಳೆಯಲು ಬರುವುದಿಲ್ಲ ಅಂತ ಬರೆದು ಫೈಲಿಗೆ ಹಾಕಿಬಿಡಬಹುದು. ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆಯನ್ನು ನಾನೇ ಓದಿ ಹೇಳಿದರೆ ಬಾಯಲ್ಲೇ ಸರಿಯಾದ ಉತ್ತರ ಕೊಡುತ್ತಾನೆ. ಅವನಿಗೆ ಗಣಿತ ಬರುತ್ತದೆ. ಓದಲು ಬರುವುದಿಲ್ಲ. ಎರಡು ಸಂಖ್ಯೆ ಕಂಡವು, ಏನೋ ಒಂದು ಮಾಡಬೇಕು, ಕೂಡಿಬಿಟ್ಟ.

ಈ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಬೋರ್ಡಿನ ಮೇಲೆ ಹತ್ತು ಕಳೆಯುವ ಲೆಕ್ಕ ಮಾಡಿಸಿದರೆ ಎರಡನೆಯವನೊಬ್ಬನಿಗೆ ಉಪಯೋಗ. ಮೊದಲನೆಯವಳಿಗೆ ನಾನು ಮಾಡಿದ್ದು ಇಷ್ಟು. ಪೊರಕೆ ಕಡ್ಡಿಯನ್ನು ಸಣ್ಣಗೆ ಮುರಿದು ಹತ್ತರ ಐದು ಕಟ್ಟು ಕಟ್ಟಿ, ಬಿಡಿಯಾಗಿ ಎರಡು ಕಡ್ಡಿ ಇಟ್ಟು, ನನಗೆ ಇಪ್ಪತ್ತೇಳು ಕೊಡು ಅಂದೆ. ಎರಡು ಕಟ್ಟು ಕೊಟ್ಟಳು. ಎರಡು ಬಿಡಿ ಕೊಟ್ಟಳು. ಇನ್ನೂ ಐದು ಬೇಕಲ್ಲಮ್ಮ ಅಂದೆ. ಸುಮ್ಮನೆ ಕಡ್ಡಿಗಳನ್ನೇ ನೋಡುತ್ತಾ ಕೂತಳು, ನಾನೂ ಏನೂ ಹೇಳಲಿಲ್ಲ. ಆಮೇಲೆ ‘ಒಂದು ಕಟ್ಟು ಬಿಚ್ಚಲಾ ಮಿಸ್?’ ಅಂದಳು. ‘ಹತ್ತರ ಮನೆಯಿಂದ ಸಾಲ ತಗೋ’ ಅಂತ ನಾನು ಎರಡು ವರ್ಷ ಹೇಳುತ್ತಾ ಬಂದದ್ದು ಅವಳಿಗೆ ಆ ದಿನ ಅರ್ಥ ಆಯಿತು.

ಓದುವುದರಲ್ಲೂ ಹೀಗೇ. ‘ಓದಲು ಬರುವುದಿಲ್ಲ’ ಅನ್ನುವುದು ತೀರಾ ದೊಡ್ಡ ಮಾತು. ಕನ್ನಡದಲ್ಲಿ ಮಕ್ಕಳು ನಿಲ್ಲುವ ಜಾಗಗಳು ಬಹಳ. ಮೂಲಾಕ್ಷರ ಎಲ್ಲಾ ಬಂದು ಕಾಗುಣಿತದಲ್ಲಿ ನಿಂತವರು ಇದ್ದಾರೆ. ಕಾಗುಣಿತ ಬಾಯಿಪಾಠ ಹೇಳುತ್ತಾರೆ, ‘ಕ ಕಾ ಕಿ ಕೀ’ ಅಂತ ಒಂದೇ ಉಸಿರಿನಲ್ಲಿ, ಆದರೆ ನಡುವಿನಿಂದ ‘ಕೇ’ ತೋರಿಸಿದರೆ ಮೊದಲಿಂದ ಹೇಳಿಕೊಂಡು ಬರಬೇಕು. ‘ಮ’ ಮತ್ತು ‘ವು’ ಎರಡೂ ಒಂದೇ ಥರ ಕಾಣುವ ಮಕ್ಕಳಿದ್ದಾರೆ. ಅದು ನಿಜಕ್ಕೂ ಕಷ್ಟದ ಜೋಡಿ, ಕೊಂಬು ಎಲ್ಲಿಂದ ಏಳುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ಇನ್ನು ಒತ್ತಕ್ಷರ. ‘ಅಕ್ಕ’ ಓದುತ್ತಾರೆ, ‘ರಾಷ್ಟ್ರ’ ಬಂದರೆ ನಿಲ್ಲುತ್ತಾರೆ. ನಿಂತ ಜಾಗ ಗೊತ್ತಾದರೆ ಕೆಲಸ ಅರ್ಧ ಆದ ಹಾಗೆ.

ಇದಕ್ಕೆ ಇಲಾಖೆಯ ಪದ ‘ನೈದಾನಿಕ ಪರೀಕ್ಷೆ’. ನಿದಾನ ಅಂದರೆ ರೋಗದ ಮೂಲ ಕಂಡುಹಿಡಿಯುವುದು. ‘ನಿಧಾನ’ ಅಲ್ಲ, ಮಹಾಪ್ರಾಣ ಇಲ್ಲ. ಪ್ರತಿ ವರ್ಷ ಶಾಲೆ ಶುರುವಾದಾಗ ನಡೆಯುವ ಸೇತುಬಂಧದ ಕ್ರಮವೂ ಇದೇ. ಮೊದಲು ಪೂರ್ವ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಕ್ರಮ ತುಂಬಾ ಚೆನ್ನಾಗಿದೆ. ಆದರೆ ಸೇತುಬಂಧ ಕೆಲವೇ ವಾರದ್ದು. ಮೂರು ವರ್ಷದಲ್ಲಿ ಬಿದ್ದ ಕಂದಕಕ್ಕೆ ಕೆಲವು ವಾರದ ಸೇತುವೆ ಸಾಲುವುದಿಲ್ಲ.

ಸೇತುಬಂಧ ಮುಗಿಯುತ್ತಿದ್ದ ಹಾಗೇ ಪರೀಕ್ಷೆಗಳ ಸಾಲು. ಎರಡು ರೂಪಣಾತ್ಮಕ, ಒಂದು ಸಂಕಲನಾತ್ಮಕ, ಮತ್ತೆ ಎರಡು, ಮತ್ತೆ ಒಂದು. ನಾವು ಎಫ್‌ಎ, ಎಸ್‌ಎ ಅಂತ ಕರೆಯುವುದು ಇವನ್ನೇ. ಸಂಕಲನಾತ್ಮಕ ಅಂದರೆ ಅವಧಿಯ ಕೊನೆಗೆ ಕಲಿತದ್ದನ್ನೆಲ್ಲಾ ಅಳೆಯುವ ಪರೀಕ್ಷೆ. ರೂಪಣಾತ್ಮಕ ಅಂದರೆ ಕಲಿಯುತ್ತಿರುವಾಗಲೇ ನೋಡಿ ತಿದ್ದುವುದಕ್ಕೆ ಇರುವ ಮೌಲ್ಯಮಾಪನ. ಆದರೆ ಅದಕ್ಕೂ ಅಂಕ ಇದೆ, ಅಂಕ ದಾಖಲಾಗಬೇಕು, ಪೋರ್ಷನ್ ಮುಗಿಯಬೇಕು. ಹಾಗಾಗಿ ಅದು ಸಣ್ಣ ಪರೀಕ್ಷೆ ಆಗಿಬಿಟ್ಟಿದೆ. ಆಗ ಹಿಂದುಳಿದ ಮಗುವಿಗೆ ಏನು ಮಾಡುತ್ತೇವೆ? ಬರಬಹುದಾದ ನಾಲ್ಕು ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸುತ್ತೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಇದಕ್ಕೆ ‘ಪಾಸಿಂಗ್ ಪ್ಯಾಕೇಜ್’ ಅಂತ ಹೆಸರೇ ಇದೆ. ಹತ್ತನೇ ತರಗತಿಯ ಕೊನೆಯ ತಿಂಗಳಲ್ಲಿ ಒಬ್ಬ ಹುಡುಗಿಯ ಮುಂದಿನ ದಾರಿ ಮುಚ್ಚಿಹೋಗದೆ ಇರಲಿ ಅಂತ ಮಾಡುವವರನ್ನು ನಾನು ದೂರುವುದಿಲ್ಲ. ಆದರೆ ಪ್ರಾಥಮಿಕ ಶಾಲೆಯಲ್ಲಿ ಅದನ್ನು ಮಾಡಬಾರದು. ನಾಲ್ಕನೇ ತರಗತಿಯ ಮಗುವಿಗೆ ಇನ್ನೂ ಸಮಯ ಇದೆ, ಆ ಸಮಯವನ್ನು ನಾವು ಬಾಯಿಪಾಠಕ್ಕೆ ಕೊಟ್ಟರೆ ತೂತು ಹಾಗೇ ಉಳಿದು, ಮೇಲೆ ಅಂಕದ ತೇಪೆ ಬೀಳುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಬೇಕಾದರೆ ಹೆಚ್ಚುವರಿ ಬೋಧನೆ ಕೊಡಬೇಕು ಅನ್ನುವುದು ಅದರಲ್ಲೇ ಇದೆ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗೆ ಪರೀಕ್ಷೆ ತಂದಿತು. ಆದರೆ ಫೇಲಾದ ಮಗುವಿಗೆ ಹೆಚ್ಚುವರಿ ಬೋಧನೆ ಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಇನ್ನೊಂದು ಪರೀಕ್ಷೆ ನಡೆಸಬೇಕು ಅಂತಲೂ ಹೇಳಿತು. ನಮ್ಮಲ್ಲಿ ಚರ್ಚೆ ಆದದ್ದೆಲ್ಲಾ ಪರೀಕ್ಷೆಯ ಬಗ್ಗೆ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಅಂತ ಹೈಕೋರ್ಟ್ ಮೆಟ್ಟಿಲು ಹತ್ತಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶ ತಡೆಹಿಡಿಯುವವರೆಗೂ ಹೋಯಿತು. ಅಷ್ಟೆಲ್ಲಾ ಮಾತಿನ ನಡುವೆ ಆ ಎರಡು ತಿಂಗಳಲ್ಲಿ ಮಗುವಿಗೆ ಏನು ಕಲಿಸಬೇಕು, ಯಾರು ಕಲಿಸಬೇಕು ಅನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು ತೀರಾ ಕಡಿಮೆ.

ಇದು ನಾಲ್ಕಾರು ಮಕ್ಕಳ ಕಥೆ ಅಲ್ಲ. ಪ್ರಥಮ್ ಸಂಸ್ಥೆ 2005ರಿಂದ ‘ಅಸರ್’ ಅನ್ನುವ ಸಮೀಕ್ಷೆಯನ್ನು ಹಳ್ಳಿಗಳ ಮನೆ ಮನೆಗೆ ಹೋಗಿ ಮಾಡುತ್ತಾ ಬಂದಿದೆ. ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲ ಐದನೇ ತರಗತಿ ಮಕ್ಕಳು 2018ರಲ್ಲಿ ಶೇ. 50.5 ಇದ್ದರು. ಕೊರೊನಾ ನಂತರ 2022ರಲ್ಲಿ ಶೇ. 42.8ಕ್ಕೆ ಇಳಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದಿದ್ದಾರೆ ಅಂದರೆ ತಪ್ಪು ಮಕ್ಕಳದು ಅನ್ನಲು ಆಗಲ್ಲ, ಅಲ್ವಾ?

ಹಾಗಂತ ದಾರಿ ಇಲ್ಲ ಅಂತಲ್ಲ. ತರಗತಿ ಮರೆತು ಮಟ್ಟ ನೋಡಿ ಗುಂಪು ಮಾಡುವುದು ಅಂಥ ಒಂದು ದಾರಿ. ದಿನಕ್ಕೆ ಒಂದೆರಡು ಗಂಟೆ, ಅಕ್ಷರದಲ್ಲಿ ನಿಂತವರು ಒಂದು ಕಡೆ, ಪದದಲ್ಲಿ ನಿಂತವರು ಇನ್ನೊಂದು ಕಡೆ, ವಾಕ್ಯ ಓದುವವರು ಮತ್ತೊಂದು ಕಡೆ. ಪ್ರಥಮ್ ಇದನ್ನು ಬೆಳೆಸಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದರ ಪರಿಣಾಮವನ್ನು ಅಳೆದು ನೋಡಿದರು. ನಮ್ಮಲ್ಲಿ 4 ಮತ್ತು 5ನೇ ತರಗತಿಗೆ ಬಂದ ‘ಓದು ಕರ್ನಾಟಕ’ ಇದೇ ಜಾತಿಯದು. ಅದಕ್ಕೂ ಮೊದಲು 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ, ಒಂದರಿಂದ ಮೂರನೇ ತರಗತಿಯ ಮಕ್ಕಳ ನಲಿ-ಕಲಿ ಪದ್ಧತಿ ಇದೆ. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಚೆನ್ನಾಗಿ ನಡೆದ ನಲಿ-ಕಲಿಯಲ್ಲಿ ಪರಿಹಾರ ಬೋಧನೆ ಪಾಠದ ಒಳಗೇ ಇರುತ್ತದೆ. ಆದರೆ ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, ಒಂದೇ ದಿನ. ಮಕ್ಕಳು ಜಾರುವುದು ಅಲ್ಲೇ.

ಎರಡು ಎಚ್ಚರಿಕೆ ಹೇಳಲೇಬೇಕು. ಆಟದ ಪೀರಿಯಡ್ ಕಿತ್ತುಕೊಂಡು ಪರಿಹಾರ ಬೋಧನೆ ಮಾಡಬೇಡಿ. ಇಡೀ ದಿನದಲ್ಲಿ ಆ ಮಗು ಗೆಲ್ಲುವುದು ಅಲ್ಲೊಂದೇ ಕಡೆ. ಇನ್ನೊಂದು, ಎಲ್ಲಾ ತೊಂದರೆಯೂ ಪರಿಹಾರ ಬೋಧನೆಯಿಂದ ಹೋಗುವುದಿಲ್ಲ. ತಿಂಗಳುಗಟ್ಟಲೆ ಸರಿಯಾಗಿ ಕಲಿಸಿದ ಮೇಲೂ ಅಕ್ಷರ ನಿಲ್ಲುತ್ತಿಲ್ಲ ಅಂದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆ ಇದೆಯಾ ಅಂತ ತಿಳಿದವರ ಹತ್ತಿರ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಅದೂ ಇದೆ, ಆ ಮಕ್ಕಳಿಗೆ ಸೌಲಭ್ಯ ಕೇಳುವ ಹಕ್ಕಿದೆ.

ಪೋಷಕರಿಗೆ ನನ್ನದೊಂದು ಕೋರಿಕೆ. ಸಭೆಗೆ ಬಂದಾಗ ಎಷ್ಟು ಅಂಕ ಅಂತ ಕೇಳುವುದರ ಜೊತೆಗೆ, ‘ನನ್ನ ಮಗು ಎಲ್ಲಿ ನಿಂತಿದೆ?’ ಅಂತ ಕೇಳಿ. ಆ ಐದನೇ ತರಗತಿ ಹುಡುಗನ ಅಮ್ಮ ಹಾಗೆ ಕೇಳಿದರು. ಅವನು ಕಾಗುಣಿತ ದಾಟಿದ ಮೇಲೆ, ದಿನಾ ರಾತ್ರಿ ಹತ್ತು ನಿಮಿಷ ಓದಿಸಿ ಅಂದೆ. ‘ನಂಗೇ ಓದೋಕೆ ಬರಲ್ಲ ಮಿಸ್, ಅವ್ನು ಓದಿದ್ದು ಸರಿನೋ ತಪ್ಪೋ ಹೆಂಗೆ ಗೊತ್ತಾಗ್ಬೇಕು?’ ಅಂದರು. ಗೊತ್ತಾಗಬೇಕಿಲ್ಲ, ಪಕ್ಕದಲ್ಲಿ ಕೂತು ಕೇಳಿ, ಅವನು ಎಲ್ಲಿ ತಡವರಿಸಿದನೋ ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಿ ಅಂದೆ. ಸೋಮವಾರ ಪುಸ್ತಕ ಬಂತು. ಎರಡು ಪುಟದಲ್ಲಿ ಹದಿನಾಲ್ಕು ಚುಕ್ಕೆ. ಹನ್ನೊಂದು ಒತ್ತಕ್ಷರದ ಪದಗಳು, ಅದರಲ್ಲೂ ಹೆಚ್ಚಿನವು ರಕಾರದ ಒತ್ತು. ಆ ವಾರ ನಾವು ಚಕ್ರ, ಪತ್ರ, ಚಂದ್ರ, ಸಮುದ್ರ ಓದಿದೆವು.