ಟೆಸ್ಟರ್ ಉರಿಯುವುದಕ್ಕೂ ಕರೆಂಟು ಇರುವುದಕ್ಕೂ ಏನು ಸಂಬಂಧ?

ಸ್ಕ್ರೂಡ್ರೈವರ್‌ನಂತೆ ಕಾಣುವ ಟೆಸ್ಟರ್‌ನ ಹಿಡಿಯೊಳಗೆ ಒಂದು ಪುಟ್ಟ ನಿಯಾನ್ ದೀಪವೂ ಅದರ ಜೊತೆಗೆ ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸಿನ ರೆಸಿಸ್ಟರೂ ಇರುತ್ತವೆ. ತುದಿಯನ್ನು ಫೇಸ್‌ಗೆ, ಅಂದರೆ ಕರೆಂಟು ಹೊತ್ತು ಬರುವ ತಂತಿಗೆ ತಾಗಿಸಿ ಹಿಂಬದಿಯ ಲೋಹವನ್ನು ಬೆರಳಿನಿಂದ ಒತ್ತಿದಾಗ ವಿದ್ಯುತ್ತು ಇವೆರಡನ್ನೂ ದಾಟಿ, ನಮ್ಮ ಮೈಯ ಮೂಲಕವೇ ನೆಲ ಸೇರುತ್ತದೆ. ರೆಸಿಸ್ಟರ್ ಅದನ್ನು ಕಾಲು ಮಿಲಿಆಂಪಿಯರ್‌ಗೂ ಕಡಿಮೆಗೆ ತಡೆದು ಹಿಡಿಯುವುದರಿಂದ ನಮಗೆ ಅದರ ಅರಿವಾಗುವುದಿಲ್ಲ. ಇಷ್ಟು ಅತ್ಯಲ್ಪ ಪ್ರವಾಹಕ್ಕೂ ನಿಯಾನ್ ಹೊಳೆಯುತ್ತದೆ ಎಂಬುದೇ ಈ ಉಪಕರಣದ ಗುಣ, ಅದರ ಮಿತಿಯೂ ಅದೇ. ಮುಟ್ಟಿದ ಜಾಗಕ್ಕೂ ನಮ್ಮ ಮೈಗೂ ನಡುವೆ ವೋಲ್ಟೇಜಿನ ವ್ಯತ್ಯಾಸವಿದೆ ಎಂದು ಅದು ಹೇಳಬಲ್ಲದೇ ಹೊರತು, ಆ ತಂತಿ ಒಂದು ಫ್ಯಾನನ್ನು ತಿರುಗಿಸಬಲ್ಲದೇ ಎಂಬುದನ್ನು ಹೇಳಲಾರದು.

ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿ, ಕಡಿದುಹೋದ ಸಂದರ್ಭ. ದೀಪ ಉರಿಯುವುದಿಲ್ಲ, ಫ್ರಿಜ್ ನಿಂತಿರುತ್ತದೆ, ಆದರೆ ಸಾಕೆಟ್‌ನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಉರಿಯುತ್ತದೆ. ‘ಎರಡೂ ಕಡೆ ಫೇಸ್ ಬರುತ್ತಿದೆ’ ಎಂದು ಜನ ಬೆರಗಾಗುತ್ತಾರೆ. ನಿಜಕ್ಕೂ ಬಂದಿರುವುದು ಒಂದೇ ಫೇಸ್. ಸ್ವಿಚ್ ಹಾಕಿಟ್ಟ ಫ್ರಿಜ್ಜಿನ ಅಥವಾ ದೀಪದ ಮೂಲಕ ಅದು ನ್ಯೂಟ್ರಲ್ ತಂತಿಗೆ ದಾಟಿದೆ. ಮುಂದೆ ದಾರಿ ಕಡಿದಿರುವುದರಿಂದ ಇಡೀ ತಂತಿ 230 ವೋಲ್ಟ್‌ಗೆ ಏರಿ ಕುಳಿತಿದೆ. ವೋಲ್ಟೇಜು ಅಳೆಯುವ ಮಲ್ಟಿಮೀಟರನ್ನು ಎರಡು ರಂಧ್ರಗಳ ನಡುವೆ ಇಟ್ಟರೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಮನೆಯ ಎಲ್ಲ ಉಪಕರಣಗಳ ಪ್ಲಗ್ ಕಿತ್ತು ಸ್ವಿಚ್ಚುಗಳನ್ನು ಆರಿಸಿದರೆ ನ್ಯೂಟ್ರಲ್ ಕಡೆಯ ಬೆಳಕು ಆರುತ್ತದೆ ಅಥವಾ ತೀರ ಮಂಕಾಗುತ್ತದೆ. ಇಂಥ ನ್ಯೂಟ್ರಲ್ ಮುಟ್ಟಿದರೆ ಫೇಸ್‌ನಷ್ಟೇ ಅಪಾಯಕಾರಿ ಎಂಬುದನ್ನು ಒತ್ತಿ ಹೇಳಬೇಕು. ಮೂರು ಫೇಸ್ ಸಂಪರ್ಕವಿರುವ ಮನೆಯಲ್ಲಂತೂ, ಕಡಿಮೆ ಹೊರೆಯಿರುವ ಫೇಸ್‌ನ ವೋಲ್ಟೇಜು 400ರತ್ತ ಏರಿ ಟಿವಿ, ಫ್ರಿಜ್ ಸುಟ್ಟುಹೋಗಬಹುದು. ಆದ್ದರಿಂದ ಈ ಲಕ್ಷಣ ಕಂಡ ಕೂಡಲೇ ಮೇನ್ ಆರಿಸುವುದು ಸರಿ.

ಎರಡೂ ತುದಿ ಬಿಡಿಯಾಗಿರುವ ತಂತಿಯೂ ಟೆಸ್ಟರನ್ನು ಮಂಕಾಗಿ ಉರಿಸಬಹುದು. ಒಂದೇ ಪೈಪಿನಲ್ಲಿ ಉದ್ದಕ್ಕೆ ಜೊತೆಯಾಗಿ ಸಾಗುವ ತಂತಿಗಳು ಕೆಪಾಸಿಟರಿನ ಎರಡು ತಗಡುಗಳಂತೆ ವರ್ತಿಸುವುದರಿಂದ, ಕರೆಂಟಿರುವ ತಂತಿಯಿಂದ ಪಕ್ಕದ್ದಕ್ಕೆ ಕೆಲವು ಮೈಕ್ರೋಆಂಪಿಯರ್ ಸೋರುತ್ತದೆ. 10 ಮೆಗಾಓಮ್ ಒಳರೋಧವಿರುವ ಡಿಜಿಟಲ್ ಮಲ್ಟಿಮೀಟರ್ ಇಂಥ ತಂತಿಯಲ್ಲಿ ಹತ್ತಾರು ವೋಲ್ಟ್ ತೋರಿಸಿಬಿಡುತ್ತದೆ. ಆ ತಂತಿಗೂ ನ್ಯೂಟ್ರಲ್‌ಗೂ ನಡುವೆ ಟೆಸ್ಟ್ ಲ್ಯಾಂಪ್ (ಎರಡು ತಂತಿ ಜೋಡಿಸಿದ ಮಾಮೂಲಿ ಬಲ್ಬು) ಹಚ್ಚಿ ನೋಡಿದರೆ ಆ ಹುಸಿ ವೋಲ್ಟೇಜು ಕುಸಿದು ಬಲ್ಬು ಉರಿಯುವುದೇ ಇಲ್ಲ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ನಸುಬೆಳಗುವುದಕ್ಕೆ ಅನೇಕ ಕಡೆ ಇದೇ ಕಾರಣ.

ಉರಿಯದ ಟೆಸ್ಟರ್ ಇದಕ್ಕಿಂತ ಕೆಟ್ಟದ್ದು. ಒಣ ಮರದ ಏಣಿ ಅಥವಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಮೈಯಿಂದ ನೆಲಕ್ಕೆ ದಾರಿ ಕ್ಷೀಣವಾಗುತ್ತದೆ. ಆಗ ಪೂರ್ತಿ 230 ವೋಲ್ಟ್ ಇದ್ದರೂ ದೀಪ ಕಾಣದಷ್ಟು ಮಂಕಾಗಬಹುದು. ಬಿಸಿಲಲ್ಲಿ ಆ ಕಿತ್ತಳೆ ಬೆಳಕು ಇನ್ನೂ ಕಾಣದು. ತಂತಿ ಮುಟ್ಟುವ ಮುನ್ನ, ಕರೆಂಟಿದೆ ಎಂದು ಖಚಿತವಾಗಿರುವ ಸಾಕೆಟ್‌ನಲ್ಲಿ ಅದೇ ಜಾಗದಲ್ಲಿ ನಿಂತೇ ಟೆಸ್ಟರ್ ಉರಿಸಿ ನೋಡಿ, ಆ ತಂತಿಯ ಎಂಸಿಬಿ (ಮೇನ್ ಬೋರ್ಡಿನ ಸುರಕ್ಷತಾ ಸ್ವಿಚ್) ಇಳಿಸಿ ತಂತಿಯನ್ನು ಪರೀಕ್ಷಿಸಿ, ಬಳಿಕ ಖಚಿತ ಸಾಕೆಟ್‌ನಲ್ಲಿ ಮತ್ತೊಮ್ಮೆ ಉರಿಸಿ ನೋಡಬೇಕು. ನಡುವೆ ಟೆಸ್ಟರೇ ಕೆಟ್ಟಿದ್ದರೆ ಈ ಕೊನೆಯ ಹೆಜ್ಜೆಯಲ್ಲಿ ಮಾತ್ರ ತಿಳಿಯುತ್ತದೆ.