ಠರಾವು: ಊರು ಗೊತ್ತು ಮಾಡಿದ್ದು, ಸರ್ಕಾರ ಒಪ್ಪಬೇಕಾದದ್ದು

"ಠರಾವ್ ಆತಂತ್ರಿ ಸರ!"

ಸಂಜೆ ಚಹಾದ ಅಂಗಡಿ ಮುಂದೆ ಪಕ್ಕದ ಓಣಿಯವರೊಬ್ಬರು ಪೇಪರ್ ಮಡಚುತ್ತಾ ಹೀಗಂದರು. ಪಾಲಿಕೆ ಸಾಮಾನ್ಯ ಸಭೆಯ ಸುದ್ದಿ ಅದು. ನನ್ನ ಜೊತೆ ಮೈಸೂರು ಕಡೆಯ ಹುಡುಗನೊಬ್ಬ ಇದ್ದ. ಹುಬ್ಬಳ್ಳಿಗೆ ಕೆಲಸಕ್ಕೆ ಬಂದು ಆರು ತಿಂಗಳಾಗಿದೆ. ಅವನು ಮೆಲ್ಲಗೆ ಕೇಳಿದ: "ಸರ್, ಠರಾವು ಅಂದ್ರೆ ಆರ್ಡರಾ?"

ಅಲ್ಲ ಅಂದೆ.

"ಹಾಗಾದ್ರೆ ಮನವಿನಾ?"

ಅದೂ ಪೂರ್ತಿ ಅಲ್ಲ. ಚಹಾ ಮುಗಿಯೋ ಹೊತ್ತಿಗೆ ಹೇಳಿ ಮುಗಿಸೋಣ ಅಂತ ಶುರು ಮಾಡಿದೆ. ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಠರಾವು ಮರಾಠಿಯಿಂದ ಬಂದ ಪದ. ಅಲ್ಲಿ 'ಠರಣೆ' ಅಂದರೆ ಗೊತ್ತಾಗುವುದು, ನಿಕ್ಕಿಯಾಗುವುದು. ಮದುವೆ ಗೊತ್ತಾಯಿತು ಅನ್ನೋದಕ್ಕೂ ಮರಾಠಿಗರು ಇದೇ ಮಾತು ಬಳಸುತ್ತಾರೆ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿತ್ತಲ್ಲ, ಕಚೇರಿಯ ಮಾತೆಲ್ಲ ಆ ಕಡೆಯಿಂದಲೇ ಬಂತು. ಪಹಣಿಗೆ ನಾವು ಉತಾರ ಅಂತೇವೆ. ಸಂಬಳ ಪಗಾರ, ಚರಂಡಿ ಗಟಾರ. ಹಾಗೇ ಸಭೆಯ ತೀರ್ಮಾನ ಠರಾವು. ಅದರಿಂದ ಒಂದು ಕ್ರಿಯಾಪದವನ್ನೂ ಮಾಡಿಕೊಂಡಿದ್ದೇವೆ: ಠರಾಯಿಸು. "ಸರ್ವಾನುಮತದಿಂದ ಠರಾಯಿಸಲಾಯಿತು" ಅನ್ನೋ ಸಾಲು ಇಲ್ಲದ ನಡಾವಳಿ ಪುಸ್ತಕ ಹುಬ್ಬಳ್ಳಿಯಲ್ಲೂ ಸಿಗಲ್ಲ, ಗದಗಿನಲ್ಲೂ ಸಿಗಲ್ಲ.

ಹಳೇ ಮೈಸೂರು ಕಡೆ ಇದಕ್ಕೆ ಗೊತ್ತುವಳಿ ಅಂತಾರೆ. ನೋಡಿ, ಎರಡು ಭಾಷೆ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಂತಿವೆ. ದಿನ ಗೊತ್ತು ಮಾಡು, ಹೆಣ್ಣು ಗೊತ್ತು ಮಾಡು ಅಂತೀವಲ್ಲ, ಅದೇ ಗೊತ್ತು. ಈಚೆಗೆ ಸರ್ಕಾರಿ ಕಾಗದದಲ್ಲಿ 'ನಿರ್ಣಯ' ಜಾಸ್ತಿಯಾಗಿದೆ. ಆದರೆ ಓಣಿಯಲ್ಲಿ ಯಾರೂ "ನಿರ್ಣಯ ಆತು" ಅನ್ನಲ್ಲ. ಮನೆಯಲ್ಲಿ ಗೋವಾಕ್ಕೆ ಹೋಗೋದು ಅಂತ ಎಲ್ಲರೂ ಒಪ್ಪಿದರೆ "ಅಂತೂ ಠರಾವ್ ಪಾಸ್ ಆತು" ಅಂತ ನಗ್ತೇವೆ. ಆಮೇಲೆ ಅಪ್ಪ ರೊಕ್ಕ ಕೊಡಲ್ಲ. ಪಾಲಿಕೆಯ ಕಥೆಯೂ ಬಹುತೇಕ ಇದೇ.

ಪಾಲಿಕೆಯ ಠರಾವುಗಳಲ್ಲಿ ಎರಡು ಜಾತಿ. ಮೊದಲನೆಯದು ತನ್ನ ಕೈಯಲ್ಲಿರುವ ಕೆಲಸದ್ದು: ಈ ರಸ್ತೆಗೆ ಈ ಹೆಸರು, ಈ ಉದ್ಯಾನಕ್ಕೆ ಇಷ್ಟು ಹಣ. ಎರಡನೆಯದು ರಾಜ್ಯ ಸರ್ಕಾರ ಮಾಡಬೇಕಾದ ಕೆಲಸದ್ದು. ಈ ಎರಡನೇ ಜಾತಿಯೇ ಜನರನ್ನ ಗೊಂದಲಕ್ಕೆ ಹಾಕೋದು. ಅದರ ಭಾಷೆ ಹೆಚ್ಚುಕಮ್ಮಿ ಹೀಗಿರುತ್ತದೆ:

"ಸದರಿ ವಿಷಯದ ಕುರಿತು ಸಭೆಯು ಸುದೀರ್ಘವಾಗಿ ಚರ್ಚಿಸಿ, ಸೂಕ್ತ ಅನುದಾನ ಮಂಜೂರು ಮಾಡುವಂತೆ ಕೋರಿ ಸರ್ಕಾರಕ್ಕೆ ಬರೆದುಕೊಳ್ಳಲು ಸರ್ವಾನುಮತದಿಂದ ಠರಾಯಿಸಲಾಯಿತು."

ಕೆಳಗೆ ಸೂಚಕರ ಹೆಸರು, ಅನುಮೋದಕರ ಹೆಸರು, ಮೇಯರ್ ಸಹಿ. ಈಗ ಆ ಕ್ರಿಯಾಪದವನ್ನ ಇನ್ನೊಮ್ಮೆ ನೋಡಿ. ಬರೆಯಲು ಅಲ್ಲ, ಬರೆದುಕೊಳ್ಳಲು. ಬೇಡಿಕೊಳ್ಳು, ಕೇಳಿಕೊಳ್ಳು, ಹೇಳಿಕೊಳ್ಳು ಇದ್ದ ಹಾಗೆ. ಸಾಲಿನ ಕೊನೆಯಲ್ಲಿ 'ಠರಾಯಿಸಲಾಯಿತು' ಅಂತ ಗತ್ತು, ಅದರ ಹಿಂದೆಯೇ ಕೈ ಜೋಡಿಸಿದ 'ಬರೆದುಕೊಳ್ಳಲು'. ಇದು ಆರ್ಡರಾ, ಮನವಿನಾ ಅಂತ ಆ ಹುಡುಗ ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಮನವಿಯೇ, ಆದರೆ ಆರ್ಡರಿನ ಅಂಗಿ ಹಾಕಿಕೊಂಡಿದೆ.

ಯಾಕೆ ಹೀಗೆ? ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ 1850ರ ದಶಕದಿಂದಲೇ ಪುರಸಭೆ ಇದ್ದವು. 1962ರಲ್ಲಿ ಎರಡೂ ಸೇರಿ ಒಂದು ಮಹಾನಗರ ಪಾಲಿಕೆ ಆಯಿತು. ಅಷ್ಟು ಹಳೆಯ ಊರುಗಳಿಗೂ ಸ್ವಂತ ಅಧಿಕಾರ ಅಂತ ಇರೋದು ರಾಜ್ಯದ ಕಾನೂನು ಕೊಟ್ಟಷ್ಟೇ. ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, ಗದಗ-ಬೆಟಗೇರಿ, ಹಾವೇರಿಯಂಥ ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಆಯುಕ್ತರನ್ನ ಕಳಿಸೋದು ಸರ್ಕಾರ. ಹೊಸ ಹುದ್ದೆ ತುಂಬೋಕೆ ಸರ್ಕಾರದ ಒಪ್ಪಿಗೆ ಬೇಕು. ಮೇಯರ್ ಕುರ್ಚಿ ಈ ವರ್ಷ ಯಾವ ಮೀಸಲಿಗೆ ಅಂತ ಹೇಳೋದೂ ಸರ್ಕಾರವೇ. ಠರಾವು ಕಾನೂನಿಗೆ ವಿರುದ್ಧವಾಗಿದೆ ಅನಿಸಿದರೆ ಸರ್ಕಾರ ಅದನ್ನ ತಡೆಹಿಡಿಯಬಹುದು, ರದ್ದೂ ಮಾಡಬಹುದು.

ಹಣದ ಕಥೆ ಇನ್ನೂ ಸ್ವಾರಸ್ಯ. ಹಿಂದೆ ಊರೊಳಗೆ ಬರೋ ಸರಕಿನ ಮೇಲೆ ಪುರಸಭೆಗಳು ತಾವೇ ಜಕಾತಿ ವಸೂಲಿ ಮಾಡುತ್ತಿದ್ದವು. ಹತ್ತಿ, ಮೆಣಸಿನಕಾಯಿ, ಕಿರಾಣಿ ಅಂತ ಗಾಡಿಗಟ್ಟಲೆ ವ್ಯಾಪಾರ ಇದ್ದ ಹುಬ್ಬಳ್ಳಿಯಂಥ ಊರಿಗೆ ಅದೆಂಥ ಆದಾಯ ಅಂತ ಯೋಚಿಸಿ. 1979ರಲ್ಲಿ ರಾಜ್ಯ ಅದನ್ನ ರದ್ದು ಮಾಡಿತು. ಬದಲಿಗೆ ಅನುದಾನ ಕೊಡ್ತೇವೆ ಅಂದಿತು. ವ್ಯಾಪಾರಿಗಳಿಗೆ ಒಳ್ಳೇದೇ ಆಯಿತು, ನಾಕಾದಲ್ಲಿ ಗಾಡಿ ನಿಲ್ಲಿಸಿ ಕಾಯೋದು ತಪ್ಪಿತು. ಆದರೆ ಊರಿನ ಕೈ ಮಾತ್ರ ಬೆಂಗಳೂರಿನ ಕಡೆ ಚಾಚಿತು.

1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಹದಿನೆಂಟು ವಿಷಯಗಳ ಪಟ್ಟಿ ಕೊಟ್ಟಿತು. ನೀರು, ರಸ್ತೆ, ನಗರ ಯೋಜನೆ ಎಲ್ಲಾ ಅದರಲ್ಲಿವೆ. ಆದರೆ "ಇವನ್ನ ರಾಜ್ಯ ವಹಿಸಿಕೊಡಬಹುದು" ಅಂತಷ್ಟೇ ಅದರ ಅರ್ಥ. ಬಹುದು ಅನ್ನೋದು ಬಹಳ ದೊಡ್ಡ ಪದ ಕಣ್ರೀ.

ಹಾಗಂತ ಠರಾವಿಗೆ ಬೆಲೆಯೇ ಇಲ್ಲ ಅಂತಲ್ಲ. ನಮ್ಮ ಓಣಿಯಲ್ಲಿ ಸ್ಥಳೀಯ ಸಂಸ್ಥೆಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ ಕಾಕಾ ಒಬ್ಬರಿದ್ದಾರೆ. ಅವರು ಹೇಳೋದು: "ಠರಾವ್ ಅಂದ್ರ ಹೊಲದ ಬದು ಇದ್ದಂಗ ತಮ್ಮಾ. ಬದು ಹಾಕಿದ ಕೂಡ್ಲೆ ಬೆಳಿ ಬರೂದಿಲ್ಲ. ಬದು ಇಲ್ದಿದ್ರ ಹೊಲ ನಂದು ಅನ್ನಾಕ ಬರೂದಿಲ್ಲ." ಅಂದರೆ, ಊರು ಅಧಿಕೃತವಾಗಿ ಏನು ಕೇಳಿತು ಅನ್ನೋದಕ್ಕೆ ಇರೋ ದಾಖಲೆ ಅದೊಂದೇ. ಶಾಸಕರೊಬ್ಬರು ಸದನದಲ್ಲಿ ಎದ್ದು ನಿಂತು "ನಮ್ಮ ಊರಿನ ಜನರ ಒತ್ತಾಯ" ಅಂದರೆ ಅದು ಭಾಷಣ. "ಪಾಲಿಕೆ ಇಂಥ ದಿನ ಠರಾವು ಮಾಡಿ ಕಳಿಸಿದೆ, ಸರ್ಕಾರ ಏನು ಕ್ರಮ ತಗೊಂಡಿದೆ?" ಅಂತ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿಗಳು ಉತ್ತರ ಕೊಡಲೇಬೇಕು.

ಧಾರವಾಡ ಪ್ರತ್ಯೇಕ ಪಾಲಿಕೆಯ ವಿಷಯ ನೆನಪಿಸಿಕೊಳ್ಳಿ. ಧಾರವಾಡದವರು ವರ್ಷಗಟ್ಟಲೆ ಕೇಳಿದರು, ಹೋರಾಟ ಮಾಡಿದರು, ಬೆಂಗಳೂರಿಗೂ ಬೆಳಗಾವಿಗೂ ಓಡಾಡಿದರು. 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಇದು ಊರೊಳಗೆ ಕೂತು ತೀರೋ ವಿಷಯ ಆಗಿರಲಿಲ್ಲ. ತನ್ನನ್ನ ಎರಡಾಗಿ ಒಡೆದುಕೊಳ್ಳುವ ಅಧಿಕಾರವೂ ಪಾಲಿಕೆಗಿಲ್ಲ.

ಇನ್ನು ಈ ಪದ ಪರಿಚಯಕ್ಕೆ ನಾನು ಕೂತಿದ್ದರ ನಿಜವಾದ ಕಾರಣಕ್ಕೆ ಬರ್ತೇನೆ. ಠರಾವು ಅಂದರೆ ಗೊತ್ತು ಮಾಡೋದು ಅಂದೆವಲ್ಲ, ನಮ್ಮ ಊರುಗಳು ಎಲ್ಲವನ್ನೂ ಗೊತ್ತು ಮಾಡುತ್ತವೆ, 'ಮೊದಲು ಯಾವುದು' ಅನ್ನೋದೊಂದನ್ನ ಬಿಟ್ಟು. ಒಂದು ಸಭೆಯಲ್ಲಿ ನೀರು, ಇನ್ನೊಂದರಲ್ಲಿ ರಸ್ತೆ, ಮತ್ತೊಂದರಲ್ಲಿ ವೃತ್ತಕ್ಕೆ ಹೆಸರು. ಎಲ್ಲವೂ ಸರ್ವಾನುಮತ, ಎಲ್ಲದಕ್ಕೂ 'ಬರೆದುಕೊಳ್ಳಲು'. ಬೆಂಗಳೂರಿನ ವಿಕಾಸಸೌಧದಲ್ಲಿ ನಗರಾಭಿವೃದ್ಧಿ ಇಲಾಖೆಯ ಮೇಜಿನ ಮೇಲೆ ಇವೆಲ್ಲ ಒಂದರ ಮೇಲೊಂದು ಬಿದ್ದಾಗ ಅಲ್ಲಿನವರಿಗೆ ಕಾಣೋದು ಒಂದು ಊರಲ್ಲ, ಒಂದು ಕಾಗದದ ಕಟ್ಟು.

ಅಮೆರಿಕದ ಹಲವು ನಗರಗಳು ಇದನ್ನ ಬೇರೆ ರೀತಿ ಮಾಡುತ್ತವೆ. ಅಲ್ಲೂ ನಗರಗಳು ರಾಜ್ಯದ ಕೂಸುಗಳೇ. 1868ರಲ್ಲಿ ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ ಅದನ್ನ ಖಡಾಖಂಡಿತವಾಗಿ ಬರೆದಿಟ್ಟ: ನಗರ ಹುಟ್ಟೋದೂ ರಾಜ್ಯದಿಂದ, ಅದರ ಹಕ್ಕು ಬರೋದೂ ರಾಜ್ಯದಿಂದ. ಹಾಗಾಗಿ ರಾಜ್ಯದ ಶಾಸನಸಭೆ ಸೇರೋ ಮುಂಚೆಯೇ ನಗರ ಸಭೆ ಕೂತು ಒಂದು ಪಟ್ಟಿ ಮಾಡುತ್ತದೆ. ಈ ಅಧಿವೇಶನದಲ್ಲಿ ನಮಗೆ ಬೇಕಾದ ಕಾನೂನು ಇವು, ಬೇಡವಾದವು ಇವು, ಹಣ ಕೇಳೋದು ಇದಕ್ಕೆ. ಟೆಕ್ಸಾಸ್‌ನಲ್ಲಿ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಅದೂ 140 ದಿನ ಮಾತ್ರ. ಅಷ್ಟರೊಳಗೆ ಕೇಳದಿದ್ದರೆ ಮುಂದಿನ ಸರದಿಗೆ ಕಾಯಬೇಕು. ಅವಸರ ಇದ್ದಾಗ ಆದ್ಯತೆ ತಾನಾಗೇ ಬರುತ್ತದೆ, ಅಲ್ವಾ?

ನಮಗೂ ಅಂಥ ಒಂದು ಅವಕಾಶ ಇದೆ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಅಲ್ಲೇ ನಡೆಯುತ್ತದೆ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರ್ ಒಳಗೆ. ಬೆಳಿಗ್ಗೆ ಗಿರಮಿಟ್ ತಿಂದು ಹೊರಟರೆ ಮಂತ್ರಿಗಳನ್ನ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ನವೆಂಬರಿನಲ್ಲಿ ಪಾಲಿಕೆ ಒಂದು ವಿಶೇಷ ಸಭೆ ಕರೆದು ಮೂರೇ ಮೂರು ವಿಷಯ ಠರಾಯಿಸಿದರೆ ಏನು ತೊಂದರೆ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಊರಿನ ಶಾಸಕರು, ಸಂಸದರು ಪಾಲಿಕೆಯ ಸದಸ್ಯರೂ ಹೌದು. ಮೇಯರ್ ಚುನಾವಣೆ ದಿನ ಅವರ ಮತಕ್ಕೆ ಎಷ್ಟು ಬೆಲೆ ಅಂತ ನೋಡಿದ್ದೇವೆ. ಜೊತೆಗೆ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪಾಲು. ಧಾರವಾಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರುತ್ತವೆ, ಇಬ್ಬರು ಆರಿಸಿ ಬರುತ್ತಾರೆ. ಅವರಿಗೆ ಮತ ಹಾಕೋರು ನೀವು ನಾನಲ್ಲ; ಪಾಲಿಕೆ, ನಗರಸಭೆ, ಪಂಚಾಯಿತಿ ಸದಸ್ಯರು. ಅಂದರೆ ಠರಾವು ಪಾಸು ಮಾಡೋರೇ ಆ ಇಬ್ಬರ ಮತದಾರರು. ಪಂಚಾಯಿತಿಯವರ ಸಂಖ್ಯೆ ದೊಡ್ಡದು, ಒಪ್ಪಿದೆ. ಆದರೂ ಹುಬ್ಬಳ್ಳಿ-ಧಾರವಾಡದ 82 ವಾರ್ಡಿನವರು ಒಂದೇ ಮಾತು ಹಿಡಿದು ಕೂತರೆ ಕೇಳಿಸದೇ ಇರಲ್ಲ.

ಮೂರು ವಿಷಯ ಆರಿಸೋದು ಸುಲಭ ಅಂದುಕೊಂಡಿದ್ದೆ. ಚಹಾದ ಅಂಗಡಿಯಲ್ಲೇ ಪ್ರಯತ್ನ ಮಾಡಿದೆವು. ಮೊದಲು ಬಂದದ್ದು ಕಳಸಾ-ಬಂಡೂರಿ, ಅಂದರೆ ಮಹದಾಯಿ ಕಣಿವೆಯ ನೀರನ್ನ ಮಲಪ್ರಭೆಗೆ ತಿರುಗಿಸೋ ಯೋಜನೆ. ಬರಲೇಬೇಕಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಮಲಪ್ರಭೆಗೆ ತಿರುಗಿಸೋಕೆ 3.9 ಟಿಎಂಸಿ ಸಿಕ್ಕಿತು. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ಟಿಗೂ ಬಂತು. ಆದರೆ ಮುಂದಿನ ಗಂಟು ಇರೋದು ಕೇಂದ್ರದ ಅರಣ್ಯ, ವನ್ಯಜೀವಿ ಅನುಮತಿಯಲ್ಲಿ. ಅದನ್ನ ಬೆಂಗಳೂರಿಗೆ ಬರೆದುಕೊಂಡರೆ ಬೆಂಗಳೂರು ದೆಹಲಿಗೆ ಬರೆದುಕೊಳ್ಳುತ್ತದೆ. ರಾಜ್ಯವೂ ಠರಾವು ಮಾಡುತ್ತದೆ ಅನ್ನೋದು ನೆನಪಿರಲಿ: 2024ರ ಜುಲೈನಲ್ಲಿ ನೀಟ್ ಪರೀಕ್ಷೆ ಬೇಡ ಅಂತ ನಮ್ಮ ವಿಧಾನಸಭೆಯೇ ನಿರ್ಣಯ ಮಾಡಿತ್ತು. ದೆಹಲಿ ಮುಂದೆ ಬೆಂಗಳೂರಿನ ಕ್ರಿಯಾಪದವೂ 'ಕೊಳ್ಳು'ವೇ.

ಆಮೇಲೆ ಕಾಕಾ ಪಿಂಚಣಿ ಬಾಕಿ ಎತ್ತಿದರು. ನಿವೃತ್ತ ನೌಕರರಿಗೆ ಪಾಲಿಕೆ ತನ್ನ ಕೈಯಿಂದ ಕೊಟ್ಟ ಪಿಂಚಣಿ ಹಣವನ್ನ ಸರ್ಕಾರ ಮರಳಿಸಬೇಕು ಅನ್ನೋದು ಹುಬ್ಬಳ್ಳಿ-ಧಾರವಾಡದ ಹಳೇ ಬೇಡಿಕೆ. ಮೊತ್ತ ನೂರು ಕೋಟಿ ಮೀರಿದ್ದು. ಯಾರಿಗೂ ಇದರ ಮೇಲೆ ಮೆರವಣಿಗೆ ತೆಗೆಯಬೇಕು ಅನಿಸಲ್ಲ, ಫ್ಲೆಕ್ಸ್ ಹಾಕೋಕೂ ಬರಲ್ಲ. ಆದರೆ ವಿಳಾಸ ಸರಿ ಇದೆ, ಕೇಳೋ ಕಾರಣ ಸರಿ ಇದೆ, ಬಂದರೆ ಅದೇ ಹಣದಲ್ಲಿ ಎಷ್ಟೋ ಗಟಾರ ಆಗುತ್ತವೆ. ನನ್ನ ಪಟ್ಟಿಯಲ್ಲಿ ಅದೇ ಮೊದಲು. ಮೈಸೂರಿನ ಹುಡುಗ ಮಾತ್ರ "ನಳದಲ್ಲಿ ದಿನಾ ನೀರು ಬರಲಿ ಸರ್, ಉಳಿದದ್ದು ನೀವೇ ಬರ್ಕೊಳ್ಳಿ" ಅಂದ. ನಳ ಅನ್ನೋದನ್ನ ಆಗಲೇ ಕಲಿತಿದ್ದಾನೆ. ಮೂರನೆಯದರ ಬಗ್ಗೆ ಜಗಳ ಹತ್ತಿ, ಅಂಗಡಿಯವ ಲೈಟ್ ಆರಿಸೋವರೆಗೂ ಮುಗಿಯಲಿಲ್ಲ.

ಏಳೋ ಮುಂಚೆ ಕಾಕಾ ಒಂದು ಕೆಲಸದ ಮಾತು ಹೇಳಿದರು. ಮುಂದಿನ ಸಲ ಪೇಪರಿನಲ್ಲಿ "ಠರಾವು ಅಂಗೀಕಾರ" ಅಂತ ಬಂದರೆ ಸುಮ್ನೆ ಖುಷಿಪಡಬೇಡಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಪ್ರತಿ ಕೇಳಿ. ಬರೀ ಠರಾವಿನ ಪ್ರತಿ ಸಾಲದು, ಸರ್ಕಾರಕ್ಕೆ ಬರೆದ ಪತ್ರದ ಜಾವಕ ನಂಬರೂ ಬೇಕು ಅಂತ ಬರೀರಿ. ಕಚೇರಿಗೆ ಬರೋ ಕಾಗದ ಆವಕ, ಹೊರಗೆ ಹೋಗೋದು ಜಾವಕ. ಇವೂ ಮುಂಬೈ ಕಾಲದ ಪದಗಳೇ.

"ಜಾವಕ ನಂಬರ್ ಇಲ್ಲಂದ್ರ," ಚಪ್ಪಲಿ ಹಾಕಿಕೊಳ್ಳುತ್ತಾ ಕಾಕಾ ಅಂದರು, "ಠರಾವ್ ಇನ್ನೂ ಬಿಲ್ಡಿಂಗಿನ್ಯಾಗ ಐತಿ ಅಂತ ತಿಳ್ಕೊ."