ಹೊರಗೆ ಬಂದ ಎಲೆಕ್ಟ್ರಾನ್ ಒಳಗಿತ್ತೇ? ಬೀಟಾ ಕ್ಷಯ ಮತ್ತು 197ರ ಲೆಕ್ಕ

ಬಿ.ಎಸ್ಸಿ. ಅಂತಿಮ ವರ್ಷದ ಕಣಭೌತವಿಜ್ಞಾನದಲ್ಲಿ ನನ್ನನ್ನು ನಾಲ್ಕು ದಿನ ಕಾಡಿದ್ದು ಪ್ರೋಟಾನ್, ನ್ಯೂಟ್ರಾನುಗಳನ್ನು ಕಟ್ಟಿರುವ ಕ್ವಾರ್ಕುಗಳೆಂಬ ಕಣಗಳಲ್ಲ, ಅದಕ್ಕೂ ಮೊದಲು ಬರುವ ಒಂದು ಸರಳ ಸಾಲು: ನ್ಯೂಟ್ರಾನ್ ಕ್ಷಯಿಸಿದಾಗ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಎಂಬ ಆವೇಶವಿಲ್ಲದ ಹಗುರ ಕಣ ದೊರೆಯುತ್ತವೆ. ಇದೇ ಬೀಟಾ ಕ್ಷಯ. ಇದನ್ನು ಓದಿದ ಕೂಡಲೇ ನ್ಯೂಟ್ರಾನ್ ಎಂದರೆ ಎಲೆಕ್ಟ್ರಾನನ್ನು ಅಂಟಿಸಿಕೊಂಡ ಪ್ರೋಟಾನ್ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿತು. ನಮ್ಮೂರು ಮಂಡ್ಯದ ಕಡೆಯದು. ಆಲೆಮನೆಯಲ್ಲಿ ಗಾಣದ ಬಾಯಿಗೆ ಕಬ್ಬು ಕೊಟ್ಟರೆ ಒಂದು ಕಡೆ ಹಾಲು ಇಳಿಯುತ್ತದೆ, ಇನ್ನೊಂದು ಕಡೆ ಸಿಪ್ಪೆ ಬೀಳುತ್ತದೆ. ಹಾಲು ಕಬ್ಬಿನೊಳಗೆ ಮೊದಲೇ ಇತ್ತು, ಗಾಣ ಅದನ್ನು ಹೊರಗೆ ತೆಗೆಯಿತು ಅಷ್ಟೆ. ಇದೇ ಚಿತ್ರವನ್ನು ನಾನು ನ್ಯೂಕ್ಲಿಯಸ್ಸಿಗೂ ಹಚ್ಚಿದ್ದೆ. ಈ ಚಿತ್ರ ಏಕೆ ತಪ್ಪು ಎಂಬುದನ್ನು ನನಗೇ ಗಟ್ಟಿಯಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಈ ತಪ್ಪು ನನ್ನೊಬ್ಬನದಲ್ಲ ಎಂಬುದು ತುಸು ಸಮಾಧಾನದ ಸಂಗತಿ. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿಯುವ ಮೊದಲು ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನುಗಳೂ ಎಲೆಕ್ಟ್ರಾನುಗಳೂ ಇವೆ ಎಂಬುದೇ ಸಾಮಾನ್ಯ ನಂಬಿಕೆಯಾಗಿತ್ತು. ಸ್ವತಃ ಚಾಡ್ವಿಕ್ ಕೂಡ ಆರಂಭದಲ್ಲಿ ನ್ಯೂಟ್ರಾನನ್ನು ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳ ಒತ್ತಾದ ಜೋಡಿಯೆಂದು ಭಾವಿಸಿದ್ದರು.

197 ಎಂಬ ಸಂಖ್ಯೆ

ಅನಿಶ್ಚಿತತಾ ತತ್ತ್ವದ ಪ್ರಕಾರ ಒಂದು ಕಣವನ್ನು ಚಿಕ್ಕ ಜಾಗದಲ್ಲಿ ಕೂಡಿಹಾಕಿದಷ್ಟೂ ಅದರ ಸಂವೇಗದ ಹರವು ಹೆಚ್ಚುತ್ತದೆ. ಪ್ಲ್ಯಾಂಕ್ ಸ್ಥಿರಾಂಕವನ್ನು ಜೌಲ್ ಸೆಕೆಂಡಿನಲ್ಲಿ, ದೂರವನ್ನು ಮೀಟರಿನಲ್ಲಿ ಹಾಕಿ ಈ ಲೆಕ್ಕ ಮಾಡಹೊರಟರೆ ಹತ್ತರ ಋಣಘಾತಗಳ ನಡುವೆಯೇ ದಾರಿ ತಪ್ಪುತ್ತದೆ. ನಾನು ಎರಡು ಸಲ ತಪ್ಪಿದೆ. ಅದರ ಬದಲು ಎಚ್-ಬಾರ್ (ಪ್ಲ್ಯಾಂಕ್ ಸ್ಥಿರಾಂಕವನ್ನು ಎರಡು ಪೈಯಿಂದ ಭಾಗಿಸಿದ್ದು) ಮತ್ತು ಬೆಳಕಿನ ವೇಗಗಳ ಗುಣಲಬ್ಧವನ್ನು ಒಂದೇ ಸಂಖ್ಯೆಯಾಗಿ ನೆನಪಿಟ್ಟುಕೊಂಡರೆ ಸಾಕು. ಅದು ಸುಮಾರು 197 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್-ಫರ್ಮಿ. ಒಂದು ಫರ್ಮಿ ಎಂದರೆ ಮೀಟರನ್ನು ಹತ್ತರ ಹದಿನೈದನೆಯ ಘಾತದಿಂದ ಭಾಗಿಸಿದಷ್ಟು ದೂರ. ಮಿಲಿಯನ್ ಎಲೆಕ್ಟ್ರಾನ್ ವೋಲ್ಟನ್ನು ಮುಂದೆ ಎಂಇವಿ ಎಂದು ಬರೆಯುತ್ತೇನೆ. ಜಾಗದ ಅಳತೆಯನ್ನು ಫರ್ಮಿಯಲ್ಲಿ ತೆಗೆದುಕೊಂಡು ಅದರಿಂದ 197ನ್ನು ಭಾಗಿಸಿದರೆ, ಸಂವೇಗವನ್ನು ಬೆಳಕಿನ ವೇಗದಿಂದ ಗುಣಿಸಿದ ಬೆಲೆ ನೇರವಾಗಿ ಎಂಇವಿಯಲ್ಲಿ ಸಿಗುತ್ತದೆ.

ನೈಟ್ರೋಜನ್-14ನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನ್ಯೂಕ್ಲಿಯಸ್ಸಿನ ತ್ರಿಜ್ಯವು ದ್ರವ್ಯರಾಶಿ ಸಂಖ್ಯೆಯ ಘನಮೂಲದ ಸುಮಾರು 1.2 ಪಟ್ಟು ಫರ್ಮಿ ಇರುತ್ತದೆ; 14ರ ಘನಮೂಲ 2.41, ಆದ್ದರಿಂದ ತ್ರಿಜ್ಯ 2.9 ಫರ್ಮಿ. 197ನ್ನು 2.9ರಿಂದ ಭಾಗಿಸಿದರೆ 68 ಎಂಇವಿ.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಚಲನ ಶಕ್ತಿ ಬೇಕಲ್ಲವೇ ಎಂದುಕೊಂಡು, ಪಿಯುಸಿಯಿಂದ ಕೈಗೆ ಅಂಟಿಕೊಂಡಿದ್ದ ಸೂತ್ರದಂತೆ ಸಂವೇಗದ ವರ್ಗವನ್ನು ಎರಡು ಪಟ್ಟು ದ್ರವ್ಯರಾಶಿಯಿಂದ ಭಾಗಿಸಿದೆ. 68ರ ವರ್ಗ 4624, ಎಲೆಕ್ಟ್ರಾನಿನ ದ್ರವ್ಯರಾಶಿ ಶಕ್ತಿಯ ಅಳತೆಯಲ್ಲಿ 0.511 ಎಂಇವಿ, ಅದರ ಎರಡರಷ್ಟು 1.022, ಉತ್ತರ ಸುಮಾರು 4500 ಎಂಇವಿ. ಎಲೆಕ್ಟ್ರಾನ್ ಒಳಗಿರಲಾರದು ಎಂದು ಸಾಬೀತಾಯಿತಲ್ಲ ಎಂದು ಖುಷಿಯಿಂದ ಪುಸ್ತಕ ಮುಚ್ಚುವವನಿದ್ದೆ. ಪಕ್ಕದ ಕೊಠಡಿಯ ಸ್ನೇಹಿತನೊಬ್ಬ ಹಾಳೆಯನ್ನು ನೋಡಿ, "ವೇಗ ಎಷ್ಟು ಬರುತ್ತದೆ, ಅದನ್ನೂ ತೆಗೆ ಮಾರಾಯ" ಎಂದ. 68ನ್ನು 0.511ರಿಂದ ಭಾಗಿಸಿದರೆ 133, ಅಂದರೆ ನನ್ನ ಎಲೆಕ್ಟ್ರಾನ್ ಬೆಳಕಿನ 133 ಪಟ್ಟು ವೇಗದಲ್ಲಿ ಓಡುತ್ತಿತ್ತು. ತೀರ್ಮಾನ ಸರಿ, ಲೆಕ್ಕ ಪೂರ್ತಿ ತಪ್ಪು.

ಸರಿಯಾದ ದಾರಿ ಇದು. ಸಂವೇಗ ಮತ್ತು ಬೆಳಕಿನ ವೇಗಗಳ ಗುಣಲಬ್ಧವು ಕಣದ ದ್ರವ್ಯರಾಶಿಯ ಶಕ್ತಿಗಿಂತ ಬಹಳ ದೊಡ್ಡದಾಗಿದ್ದರೆ ಹಳೆಯ ಸೂತ್ರ ನಡೆಯುವುದಿಲ್ಲ. ಸಾಪೇಕ್ಷತೆಯ ಪ್ರಕಾರ ಒಟ್ಟು ಶಕ್ತಿಯ ವರ್ಗವೆಂದರೆ ಈ ಎರಡರ ವರ್ಗಗಳ ಮೊತ್ತ. 68ರ ವರ್ಗದ ಪಕ್ಕದಲ್ಲಿ 0.511ರ ವರ್ಗ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಆದ್ದರಿಂದ ಒಟ್ಟು ಶಕ್ತಿಯೂ 68 ಎಂಇವಿಯೇ. ಅನಿಶ್ಚಿತತೆಯ ಸೂತ್ರದಲ್ಲಿರುವ ಅರ್ಧವನ್ನು ಸೇರಿಸಿಕೊಂಡರೆ 34 ಆಗುತ್ತದೆ. ಇದು ಅಂದಾಜಿನ ಲೆಕ್ಕವಾದುದರಿಂದ ಆ ಅರ್ಧಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೀಟಾ ಕ್ಷಯದಲ್ಲಿ ಹೊರಬರುವ ಎಲೆಕ್ಟ್ರಾನುಗಳಿಗೆ ಸಾಮಾನ್ಯವಾಗಿ ಇರುವುದು ಕೆಲವೇ ಎಂಇವಿ ಶಕ್ತಿ. ಇನ್ನು, ಅಷ್ಟು ಶಕ್ತಿಯ ಎಲೆಕ್ಟ್ರಾನನ್ನು ಪ್ರೋಟಾನುಗಳ ಆಕರ್ಷಣೆ ಹಿಡಿದಿಡಬಲ್ಲುದೇ ಎಂದೂ ನೋಡಬೇಕು. ಎರಡು ಏಕಮಾನ ಆವೇಶಗಳ ನಡುವಿನ ಶಕ್ತಿ ಒಂದು ಫರ್ಮಿ ದೂರದಲ್ಲಿ 1.44 ಎಂಇವಿ, ಅದನ್ನು ನೈಟ್ರೋಜನ್ನಿನ 7ರಿಂದ ಗುಣಿಸಿ 2.9ರಿಂದ ಭಾಗಿಸಿದರೆ 3.5 ಎಂಇವಿ ಸುತ್ತಮುತ್ತ ಬರುತ್ತದೆ. ಅದು 34ಕ್ಕೂ ಸಾಲದು, 68ಕ್ಕೂ ಸಾಲದು.

ಇದೇ ಜಾಗದಲ್ಲಿ ಪ್ರೋಟಾನನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅದರ ದ್ರವ್ಯರಾಶಿ 938 ಎಂಇವಿ, 68 ಅದರ ಮುಂದೆ ಚಿಕ್ಕದು, ಆದ್ದರಿಂದ ಇಲ್ಲಿ ಪಿಯುಸಿಯ ಸೂತ್ರಕ್ಕೆ ಅಡ್ಡಿಯಿಲ್ಲ. 4624ನ್ನು 1876ರಿಂದ ಭಾಗಿಸಿದರೆ ಸುಮಾರು 2.5 ಎಂಇವಿ, ನ್ಯೂಕ್ಲಿಯಸ್ಸಿನ ಬಲ ಇಷ್ಟನ್ನು ಸುಲಭವಾಗಿ ಹಿಡಿದಿಡುತ್ತದೆ. ಭಾರದ ಕಣಕ್ಕೆ ಇಕ್ಕಟ್ಟಾದ ಮನೆ ಒಗ್ಗುತ್ತದೆ, ಹಗುರವಾದುದಕ್ಕೆ ಒಗ್ಗುವುದಿಲ್ಲ.

ಉಳಿದ ಎರಡು ಸಾಕ್ಷ್ಯಗಳು

ಹಳೆಯ ನಂಬಿಕೆಯಂತೆ ನೈಟ್ರೋಜನ್-14ರಲ್ಲಿ 14 ಪ್ರೋಟಾನು, 7 ಎಲೆಕ್ಟ್ರಾನು, ಒಟ್ಟು 21 ಕಣಗಳು. ಪ್ರತಿಯೊಂದರ ಸ್ಪಿನ್, ಅಂದರೆ ಕಣಕ್ಕೆ ಸಹಜವಾಗಿಯೇ ಇರುವ ಕೋನೀಯ ಸಂವೇಗ, ಅರ್ಧ. ಬೆಸಸಂಖ್ಯೆಯ ಅರ್ಧಗಳನ್ನು ಹೇಗೆ ಕೂಡಿದರೂ ಕಳೆದರೂ ಪೂರ್ಣಾಂಕ ಬರುವುದಿಲ್ಲ. ಅಳೆದಾಗ ಸಿಕ್ಕ ಸ್ಪಿನ್ 1. ಏಳು ಪ್ರೋಟಾನು, ಏಳು ನ್ಯೂಟ್ರಾನು ಎಂದುಕೊಂಡರೆ 14 ಕಣಗಳಾಗಿ ತೊಡಕು ಬಿಡಿಸಿಕೊಳ್ಳುತ್ತದೆ.

ಎರಡನೆಯದು ದ್ರವ್ಯರಾಶಿ. ಅಂಟಿಕೊಂಡ ಜೋಡಿಯ ತೂಕ ಬಿಡಿಬಿಡಿಯಾದ ಕಣಗಳ ಮೊತ್ತಕ್ಕಿಂತ ಕಡಿಮೆ ಇರಬೇಕು. ಪ್ರೋಟಾನಿನ 938.272ಕ್ಕೆ ಎಲೆಕ್ಟ್ರಾನಿನ 0.511 ಕೂಡಿದರೆ 938.783 ಎಂಇವಿ, ನ್ಯೂಟ್ರಾನಿನದು 939.565. ಮೊತ್ತಕ್ಕಿಂತ 0.782 ಹೆಚ್ಚು. ಒಂಟಿ ನ್ಯೂಟ್ರಾನ್ ಕ್ಷಯಿಸಿದಾಗ ಮೂರು ಕಣಗಳು ಹಂಚಿಕೊಳ್ಳುವುದು ಈ 0.782ನ್ನೇ. ಪಾಲು ಪ್ರತಿ ಸಲವೂ ಬೇರೆಯಾದುದರಿಂದಲೇ ಎಲೆಕ್ಟ್ರಾನಿನ ಶಕ್ತಿ ಒಂದೇ ಸಮನಾಗಿ ಸಿಗುವುದಿಲ್ಲ, ಮತ್ತು ಆ ಅಸಮತೆಯನ್ನು ವಿವರಿಸಲೆಂದೇ 1930ರಲ್ಲಿ ಪೌಲಿ ಕಾಣದ ಮೂರನೆಯ ಕಣವನ್ನು, ಅಂದರೆ ನ್ಯೂಟ್ರಿನೊವನ್ನು, ಸೂಚಿಸಿದ್ದು. ಅದು ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ. ಮುಂದೆ 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ದೊರೆಯಿತು. ಆ ಗಣಿಗೆ 1902ರಲ್ಲಿ ವಿದ್ಯುತ್ತು ಹೋದದ್ದು ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಎಂಬುದು ಪರೀಕ್ಷೆಗೆ ಬರುವುದಿಲ್ಲ, ನನಗೆ ಮಾತ್ರ ಮರೆಯುವುದಿಲ್ಲ.

ಹಾಗಾದರೆ ಎಲೆಕ್ಟ್ರಾನ್ ಎಲ್ಲಿಂದ ಬಂತು?

ಅದು ಆ ಗಳಿಗೆಯಲ್ಲಿ ಹುಟ್ಟಿತು. ಇದನ್ನು ಒಪ್ಪಲು ನನಗೆ ನೆರವಾದದ್ದು ಪ್ರಯೋಗಾಲಯದ ಸೋಡಿಯಂ ದೀಪ. ವರ್ಷವಿಡೀ ಅದರ 589 ನ್ಯಾನೋಮೀಟರಿನ ಹಳದಿ ಬೆಳಕಿನ ಮುಂದೆ ಸ್ಪೆಕ್ಟ್ರೋಮೀಟರಿನ ತಿರುಪು ತಿರುಗಿಸುತ್ತಾ ಕುಳಿತಿದ್ದೇವೆ. ಆ ಫೋಟಾನ್ ಸೋಡಿಯಂ ಪರಮಾಣುವಿನ ಯಾವ ಮೂಲೆಯಲ್ಲಿ ಅಡಗಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಿಲ್ಲ. ಎಲೆಕ್ಟ್ರಾನ್ ಮೇಲಿನ ಮಟ್ಟದಿಂದ ಕೆಳಗಿಳಿಯಿತು, ಫೋಟಾನ್ ಹುಟ್ಟಿತು. ಬೀಟಾ ಕ್ಷಯವನ್ನು ಭೌತವಿಜ್ಞಾನಿ ಫರ್ಮಿ 1934ರಲ್ಲಿ ಇದೇ ಮಾದರಿಯಲ್ಲಿ ವಿವರಿಸಿದರು. ಕ್ವಾರ್ಕುಗಳ ಭಾಷೆಯಲ್ಲಿ ಹೇಳುವುದಾದರೆ ನ್ಯೂಟ್ರಾನಿನ ಎರಡು ಡೌನ್ ಕ್ವಾರ್ಕುಗಳಲ್ಲಿ ಒಂದು ಅಪ್ ಆಗುತ್ತದೆ, ಅದರ ಆವೇಶ ಋಣ ಮೂರನೆಯ ಒಂದರಿಂದ ಧನ ಮೂರನೆಯ ಎರಡಕ್ಕೆ ಏರುತ್ತದೆ, ಲೆಕ್ಕ ಸರಿದೂಗಿಸುವ ಋಣ ಒಂದನ್ನು ಡಬ್ಲ್ಯೂ ಬೋಸಾನ್ ಎಂಬ, ಈ ಕ್ಷಯದ ಬಲವನ್ನು ಸಾಗಿಸುವ ಕಣ ಹೊತ್ತು ಎಲೆಕ್ಟ್ರಾನಿಗೆ ದಾಟಿಸುತ್ತದೆ.

ಆಲೆಮನೆಯ ಚಿತ್ರವನ್ನು ನಾನು ಪೂರ್ತಿ ಕೈಬಿಟ್ಟದ್ದು ನೈಟ್ರೋಜನ್-13ರಿಂದ. 1934ರಲ್ಲಿ ಜೋಲಿಯೊ-ಕ್ಯೂರಿ ದಂಪತಿ ಬೋರಾನಿನಿಂದ ತಯಾರಿಸಿದ, ಹತ್ತು ನಿಮಿಷದ ಅರ್ಧಾಯುಷ್ಯದ ಈ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನೇ ನ್ಯೂಟ್ರಾನ್ ಆಗಿ, ಪಾಸಿಟ್ರಾನ್, ಅಂದರೆ ಧನ ಆವೇಶದ ಎಲೆಕ್ಟ್ರಾನ್, ಹೊರಬೀಳುತ್ತದೆ. ಹೊರಬಂದದ್ದೆಲ್ಲ ಒಳಗಿತ್ತೆಂದರೆ ನ್ಯೂಟ್ರಾನಿನೊಳಗೆ ಪ್ರೋಟಾನ್, ಆ ಪ್ರೋಟಾನಿನೊಳಗೆ ಮತ್ತೆ ನ್ಯೂಟ್ರಾನ್ ಇರಬೇಕಾಗುತ್ತದೆ. ಒಂಟಿ ಪ್ರೋಟಾನಿಗೆ ತನಗಿಂತ ಭಾರವಾದ ನ್ಯೂಟ್ರಾನ್ ಆಗಲು ಶಕ್ತಿ ಸಾಲದು. ಇಲ್ಲಿ ಆ ಶಕ್ತಿ ದೊರೆಯುವುದು ನೈಟ್ರೋಜನ್-13ಕ್ಕಿಂತ ಕಾರ್ಬನ್-13ರ ಬಂಧನ ಬಿಗಿಯಾಗಿರುವುದರಿಂದ, ಮತ್ತು ಎಲ್ಲ ಖರ್ಚು ಕಳೆದು ಪಾಸಿಟ್ರಾನಿಗೆ ಹೆಚ್ಚೆಂದರೆ 1.2 ಎಂಇವಿ ಉಳಿಯುತ್ತದೆ.